ಆಫೀಸಲ್ಲಿ ಜನ ಯಾಕೆ ಹಂಗಾಡ್ತಾರೆ? ನೋಡೋದು ಹೇಗೆ, ಕೇಳೋದು ಹೇಗೆ

ಬೆಂಗಳೂರಲ್ಲಿ ಯಾವ್ದೇ ಆಫೀಸಿನ ಲಂಚ್ ಟೇಬಲಲ್ಲಿ ಸ್ವಲ್ಪ ಹೊತ್ತು ಕೂತ್ರೂ ಸಾಕು, "ಬಿಡಿ ಸಾರ್, ಅವ್ನು ಇರೋದೇ ಹಂಗೆ" ಅನ್ನೋ ಮಾತು ಕಿವಿಗೆ ಬಿದ್ದೇ ಬೀಳತ್ತೆ. ಮಾನ್ಯತಾ ಟೆಕ್ ಪಾರ್ಕ್ ಆಗ್ಲಿ, ಪೀಣ್ಯದ ಫ್ಯಾಕ್ಟರಿ ಆಗ್ಲಿ, ಜಯನಗರದ ಬ್ಯಾಂಕ್ ಬ್ರಾಂಚ್ ಆಗ್ಲಿ, ಮಾತು ಅದೇ. ಒಂದ್ಸಲ ಈ ಮಾತು ಬಾಯಿಂದ ಬಂತು ಅಂದ್ರೆ ಅಲ್ಲಿಗೆ ಯೋಚನೆ ಮುಗೀತು. ಆ ಮನುಷ್ಯ ಯಾಕೆ ಹಂಗೆ ಮಾಡ್ದ, ಯಾವಾಗ ಹಂಗೆ ಮಾಡಲ್ಲ, ಅವನ ಜಾಗದಲ್ಲಿ ಬೇರೆ ಯಾರಿದ್ರೂ ಅದನ್ನೇ ಮಾಡ್ತಿದ್ರಾ, ಇದ್ಯಾವ್ದನ್ನೂ ಯಾರೂ ಮತ್ತೆ ಕೇಳಲ್ಲ.

ಇದನ್ನ ಬರೀತಿರೋದು ಹೊಸದಾಗಿ ಟೀಮ್ ಲೀಡ್ ಆದೋರಿಗೆ, ಎಚ್‌ಆರ್‌ಗೆ ಸೇರ್ಕೊಂಡೋರಿಗೆ, ಗಾರ್ಮೆಂಟ್ಸಲ್ಲಿ ಲೈನ್ ನೋಡ್ಕೊಳ್ಳೋ ಸೂಪರ್‌ವೈಸರ್‌ಗಳಿಗೆ, ಮತ್ತೆ ಪಕ್ಕದ ಸೀಟಿನೋರು ಅರ್ಥನೇ ಆಗಲ್ಲ ಅಂತ ತಲೆ ಕೆಡಿಸ್ಕೊಂಡಿರೋ ಯಾರಿಗಾದ್ರೂ. ನಾನು ಹೇಳೋದು ಇಷ್ಟೇ, ಮನುಷ್ಯನ ಸ್ವಭಾವಕ್ಕೆ ಕೈ ಹಾಕೋ ಮುಂಚೆ ಅವನ ಸುತ್ತ ಏನಿದೆ ಅಂತ ನೋಡಿ, ಎಷ್ಟೋ ಸಲ ಉತ್ರ ಅಲ್ಲೇ ಇರತ್ತೆ. ಹೊಸ ಮಾತೇನಲ್ಲ ಇದು, ಕರ್ಟ್ ಲೆವಿನ್ ಅನ್ನೋ ಮನಶ್ಶಾಸ್ತ್ರಜ್ಞರು 1936ರಲ್ಲೇ ಬರೆದಿದ್ರು, ನಡವಳಿಕೆ ಅನ್ನೋದು ಮನುಷ್ಯ ಮತ್ತೆ ಅವನ ಪರಿಸರ ಎರಡೂ ಸೇರಿ ಆಗೋದು ಅಂತ. ಆದ್ರೆ ನಮ್ಮ ತಲೆ ಪರಿಸರನ ಮರ್ತುಬಿಡತ್ತೆ. ನಾವು ಲೇಟಾದ್ರೆ ಸಿಲ್ಕ್ ಬೋರ್ಡ್ ಜಾಮ್, ಇನ್ನೊಬ್ರು ಲೇಟಾದ್ರೆ ಅವ್ರಿಗೆ ಶಿಸ್ತಿಲ್ಲ. ಈ ತಪ್ಪಿಗೆ 1977ರಲ್ಲಿ ಲೀ ರಾಸ್ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ಹೆಸರನ್ನೇ ಕೊಟ್ರು, ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್ ಅಂತ. ಹೆಸರು ನೆನಪಿಲ್ದೆ ಇದ್ರೂ ಪರ್ವಾಗಿಲ್ಲ, ತಪ್ಪು ನೆನಪಿದ್ರೆ ಸಾಕು.

ಮೊದ್ಲು ಕಂಡಿದ್ದನ್ನ ಮಾತ್ರ ಬರೀರಿ

ಯಾರ ಬಗ್ಗೆ ನಿಮಗೆ ಕಿರಿಕಿರಿ ಇದ್ಯೋ ಅವ್ರ ಬಗ್ಗೆ ಒಂದು ಹಾಳೆಲಿ ಬರೀರಿ, ಆದ್ರೆ ವಿಶೇಷಣ ಬಳಸ್ಬೇಡಿ. ಸೋಮಾರಿ, ಅಹಂಕಾರಿ, ಅಟಿಟ್ಯೂಡ್ ಸರಿ ಇಲ್ಲ, ಇಂಟ್ರೆಸ್ಟ್ ಇಲ್ಲ, ಇವ್ಯಾವೂ ಬೇಡ. ಏನು ನೋಡಿದ್ರಿ, ಏನು ಕೇಳಿಸ್ಕೊಂಡ್ರಿ ಅದಷ್ಟೇ. ಉದಾಹರಣೆಗೆ ಸಾಫ್ಟ್‌ವೇರಲ್ಲಿ ತಪ್ಪು ಹುಡುಕೋ ಒಬ್ಬ ಟೆಸ್ಟರ್ ಹುಡುಗಿ ಬಗ್ಗೆ "ಅವ್ಳಿಗೆ ಟೀಮ್ ಅಂದ್ರೆ ಆಗಲ್ಲ" ಅಂತ ಎಲ್ರೂ ಹೇಳ್ತಿದಾರೆ ಅಂದ್ಕೊಳ್ಳಿ. ಹಾಳೆಲಿ ಬರೋದು ಹೀಗಿರ್ಬೇಕು: ಬೆಳಗಿನ ಸ್ಟ್ಯಾಂಡಪ್ಪಲ್ಲಿ (ದಿನಾ ನಡೆಯೋ ಚಿಕ್ಕ ಆನ್‌ಲೈನ್ ಮೀಟಿಂಗ್) ಕ್ಯಾಮೆರಾ ಆನ್ ಮಾಡಲ್ಲ, ಕೇಳಿದ್ದಕ್ಕೆ ಮಾತ್ರ ಉತ್ರ ಕೊಡ್ತಾಳೆ, ಬಗ್ ರಿಪೋರ್ಟ್ ಮಾತ್ರ ತುಂಬ ವಿವರವಾಗಿ ಬರೀತಾಳೆ, ಮಧ್ಯಾಹ್ನದ ಮೀಟಿಂಗ್ ಕಾಲಲ್ಲಿ ಚೆನ್ನಾಗೇ ಮಾತಾಡಿದ್ಲು.

ಕೊನೇ ಸಾಲು ನೋಡಿ, ಇಡೀ ಹಾಳೆಲಿ ಕೆಲಸಕ್ಕೆ ಬರೋದು ಅದೇ. ಮಧ್ಯಾಹ್ನ ಮಾತಾಡೋಳು ಬೆಳಗ್ಗೆ ಯಾಕೆ ಮಾತಾಡಲ್ಲ? ಸ್ವಭಾವ ಆಗಿದ್ರೆ ಎರಡು ಹೊತ್ತೂ ಒಂದೇ ಥರ ಇರ್ಬೇಕಿತ್ತಲ್ಲ. ಬೆಳಗ್ಗೆ ಒಂಬತ್ತೂವರೆಗೆ ಅವಳು ಕ್ಯಾಬಲ್ಲಿ ಇರ್ತಾಳಾ, ಮನೇಲಿ ಮಗುನ ಸ್ಕೂಲ್ ವ್ಯಾನ್ ಹತ್ತಿಸೋ ಹೊತ್ತಾ, ಅಥ್ವಾ ಆ ಕಾಲಲ್ಲಿ ಇರೋ ಯಾರೋ ಒಬ್ರು ಮಧ್ಯಾಹ್ನದ ಕಾಲಲ್ಲಿ ಇರಲ್ವಾ? ಹೀಗೆ ಪ್ರಶ್ನೆ ತಾನಾಗೇ ಹುಟ್ಟತ್ತೆ. ಯಾವಾಗ ಹಂಗೆ ಆಗಲ್ಲ ಅನ್ನೋದನ್ನ ಹುಡುಕೋ ಅಭ್ಯಾಸ ಒಂದನ್ನ ಮಾಡ್ಕೊಂಡ್ರೆ ಅರ್ಧ ಕೆಲಸ ಆದಂಗೆ.

ಸುತ್ತಮುತ್ತ ನೋಡೋದು: ಎರಡು ಕಡೆ ಬಲ್ಬಿನ ವಿಷ್ಯ

ಈ ವಿಷ್ಯ ಓದೋಕೆ ಶುರು ಮಾಡಿದ ಯಾರಿಗಾದ್ರೂ ಮೊದ್ಲು ಸಿಗೋದು ಹಾಥಾರ್ನ್ ಕಥೆ. ಅಮೆರಿಕದ ಶಿಕಾಗೋ ಹತ್ರ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪ್ನಿಯ ಹಾಥಾರ್ನ್ ಅನ್ನೋ ದೊಡ್ಡ ಫ್ಯಾಕ್ಟರಿ, 1924ರಲ್ಲಿ ಬೆಳಕು ಜಾಸ್ತಿ ಮಾಡಿದ್ರೆ ಕೆಲಸ ಜಾಸ್ತಿ ಆಗತ್ತಾ ಅಂತ ಪರೀಕ್ಷೆ ಶುರು ಮಾಡಿದ್ರು, 1932ರ ತನಕ ಒಂದಾದ್ಮೇಲೆ ಒಂದು ಪ್ರಯೋಗ ನಡೀತು. ಬೆಳಕು ಜಾಸ್ತಿ ಮಾಡಿದ್ರೂ ಕೆಲಸ ಏರ್ತು, ಕಮ್ಮಿ ಮಾಡಿದ್ರೂ ಏರ್ತು, ಯಾಕಂದ್ರೆ ಯಾರೋ ತಮ್ಮನ್ನ ಗಮನಿಸ್ತಿದಾರೆ ಅನ್ನೋದೇ ಜನರಿಗೆ ಉತ್ಸಾಹ ಕೊಡ್ತು ಅಂತ ಟ್ರೈನಿಂಗಲ್ಲಿ ಹೇಳ್ಕೊಡ್ತಾರೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಸ್ಟೀವನ್ ಲೆವಿಟ್ ಮತ್ತೆ ಜಾನ್ ಲಿಸ್ಟ್ ಅನ್ನೋ ಅರ್ಥಶಾಸ್ತ್ರಜ್ಞರು ಆ ಬೆಳಕಿನ ಪ್ರಯೋಗದ ಹಳೇ ಲೆಕ್ಕಗಳನ್ನ ಹುಡುಕಿ ತೆಗೆದು 2011ರಲ್ಲಿ ಮತ್ತೆ ನೋಡಿದಾಗ ಅಷ್ಟು ಚೊಕ್ಕವಾಗಿ ಏನೂ ಕಾಣ್ಲಿಲ್ಲ. ಅದಕ್ಕೇ ಹೇಳೋದು, ಗಮನ ಕೊಟ್ರೆ ಸಾಕು ಜನ ಕೆಲಸ ಮಾಡ್ತಾರೆ ಅನ್ನೋ ಮ್ಯಾನೇಜರ್‌ನ ಸುಮ್ನೆ ನಂಬೋಕೆ ಹೋಗ್ಬೇಡಿ.

ಈಗ ನಮ್ಮೂರಿನ ಬಲ್ಬ್ ನೋಡಿ. ಬೆಂಗಳೂರು ಸುತ್ತಮುತ್ತ ಇರೋ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಹಳೇ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ್ರು, ಉದ್ದೇಶ ಕರೆಂಟ್ ಉಳಿಸೋದು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಾಷಧಂ ಅನ್ನೋ ಸಂಶೋಧಕರು ಅಲ್ಲಿನ ದಿನದಿನದ ಉತ್ಪಾದನೆ ಲೆಕ್ಕ ಇಟ್ಕೊಂಡು ನೋಡಿದಾಗ ಬಿಸಿಲು ಜಾಸ್ತಿ ಇದ್ದ ದಿನಗಳಲ್ಲಿ ಕೆಲಸ ಸುಧಾರಿಸಿತ್ತು, ಯಾಕಂದ್ರೆ ಎಲ್‌ಇಡಿ ಬಿಸಿ ಕಮ್ಮಿ ಬಿಡತ್ತೆ, ಫ್ಲೋರ್ ತಂಪಾಗಿತ್ತು. ಫ್ಲೋರಲ್ಲಿ ಟೈಲರ್‌ಗಳ ಕೈ ನಿಧಾನ ಆದಾಗ್ಲೆಲ್ಲಾ ಸೂಪರ್‌ವೈಸರ್ ಬಾಯಲ್ಲಿ ಬರೋದು "ಊಟ ಆದ್ಮೇಲೆ ಇವ್ರಿಗೆ ಸೋಂಬೇರಿತನ" ಅಂತ. ನಿಧಾನ ಮಾಡ್ತಿರೋದು ತಲೆ ಮೇಲಿನ ದೀಪದ ಬಿಸಿನೂ ಇರ್ಬೋದು ಅಂತ ಯಾರಿಗೂ ಹೊಳೆಯಲ್ಲ. ನನಗೆ ಈ ವಿಷ್ಯದಲ್ಲಿ ಗೊತ್ತಿರೋ ಎಲ್ಲಾ ಅಧ್ಯಯನಗಳಲ್ಲೂ ಇದು ತುಂಬ ಇಷ್ಟ.

ಅದಕ್ಕೆ ಹಾಳೆ ಮುಗಿದ್ಮೇಲೆ ಒಂದು ರೌಂಡ್ ಹಾಕಿ. ಅವ್ರ ಸೀಟ್ ಎಲ್ಲಿದೆ, ಎಸಿ ನೇರ ತಲೆ ಮೇಲೆ ಬೀಳ್ತಿದ್ಯಾ, ವಾಶ್‌ರೂಮಿಗೆ ಹೋಗೋಕೆ ಯಾರನ್ನಾದ್ರೂ ಕೇಳ್ಬೇಕಾ, ಕ್ಯಾಬ್ ಎಷ್ಟೊತ್ತಿಗೆ, ಕೊನೇ ಬಸ್ ಎಷ್ಟೊತ್ತಿಗೆ, ಮನೆ ಎಲ್ಲಿ. ದಿನಾ ಹೆಸರಘಟ್ಟದಿಂದ ಎಲೆಕ್ಟ್ರಾನಿಕ್ ಸಿಟಿಗೆ ಬರೋ ಹುಡುಗ ಸಂಜೆ ಆರಕ್ಕೆ ಬ್ಯಾಗ್ ಎತ್ಕೊಂಡ್ರೆ ಅದು ಕಮಿಟ್‌ಮೆಂಟ್ ಪ್ರಶ್ನೆ ಅಲ್ವೇ ಅಲ್ಲ. ಮತ್ತೆ ಒಂದು ಮುಖ್ಯ, ಇಲ್ಲಿ ಏನು ಮಾಡಿದ್ರೆ ಶಭಾಷ್ ಸಿಗತ್ತೆ, ಏನು ಮಾಡಿದ್ರೆ ಬೈಗುಳ ಸಿಗತ್ತೆ ಅಂತ ನೋಡಿ. ಬಾಯಲ್ಲಿ ಕ್ವಾಲಿಟಿ ಮುಖ್ಯ ಅಂತ ಹೇಳಿ ಅಪ್ರೈಸಲಲ್ಲಿ ಬರೀ ಟಿಕೆಟ್ (ಮುಗಿಸ್ಬೇಕಾದ ಒಂದೊಂದು ಕೆಲಸದ ನಮೂದು) ಕ್ಲೋಸ್ ಆದ ಲೆಕ್ಕ ಹಾಕಿದ್ರೆ ಜನ ಟಿಕೆಟ್ ಕ್ಲೋಸ್ ಮಾಡ್ತಾರೆ, ಮತ್ತಿನ್ನೇನು ಮಾಡ್ತಾರೆ.

ಬರೆಯದೇ ಇರೋ ರೂಲು

ಹಾಥಾರ್ನಲ್ಲೇ ಕೊನೇಲಿ, 1931-32ರಲ್ಲಿ, ಹದಿನಾಲ್ಕು ಜನ ಗಂಡಸರು ಟೆಲಿಫೋನ್ ಉಪಕರಣಕ್ಕೆ ವೈರ್ ಹಾಕೋ ಒಂದು ರೂಮನ್ನ ಸುಮ್ನೆ ಕೂತು ಗಮನಿಸಿದ್ರು. ಜಾಸ್ತಿ ಮಾಡಿದ್ರೆ ಜಾಸ್ತಿ ಕಾಸು ಸಿಗೋ ವ್ಯವಸ್ಥೆ ಇದ್ರೂ ಅವ್ರು ತಮ್ಮೊಳಗೇ ಒಂದು ಲೆಕ್ಕ ಇಟ್ಕೊಂಡಿದ್ರು, ದಿನಕ್ಕೆ ಇಷ್ಟೇ, ಇದಕ್ಕಿಂತ ಜಾಸ್ತಿ ಮಾಡೋನು ಬೇರೆಯೋರ ಹೊಟ್ಟೆ ಮೇಲೆ ಹೊಡೀತಾನೆ ಅಂತ. ಜೋರು ಕೆಲಸ ಮಾಡಿದೋನ ತೋಳಿಗೆ ಒಂದು ಗುದ್ದು ಬೀಳ್ತಿತ್ತು. ಸರಿಯಾಗಿ ಮಾಡ್ದೇ ಇರೋನಿಗೂ ಮರ್ಯಾದೆ ಇರ್ಲಿಲ್ಲ, ಮೇಲಿನೋರಿಗೆ ಚಾಡಿ ಹೇಳೋನಿಗಂತೂ ಇಲ್ವೇ ಇಲ್ಲ.

ಈ ರೂಮು ಇವತ್ತೂ ನಮ್ಮ ನಡುವೆ ಇದೆ. ಲೈನಲ್ಲಿ ಹೊಸದಾಗಿ ಸೇರಿದ ಹುಡುಗಿ ಕಾಲರ್ ಹಾಕೋದ್ರಲ್ಲಿ ಕೈ ಚುರುಕು, ಗಂಟೆಗೆ ಹೇಳಿದ್ದಕ್ಕಿಂತ ಜಾಸ್ತಿ ಪೀಸ್ ಇಳಿಸ್ತಾಳೆ. ಟೀ ಬ್ರೇಕಲ್ಲಿ ಪಕ್ಕದ ಮಿಷಿನಿನ ಅಕ್ಕ ಬಂದು ಮೆತ್ತಗೆ ಹೇಳ್ತಾರೆ.

"ಏನಮ್ಮಾ, ಅಷ್ಟು ಜೋರಾಗಿ ಹೊಡೀತಿದೀಯಾ?"

"ಆಗತ್ತೆ ಅಕ್ಕಾ, ನಂಗೆ ಅಭ್ಯಾಸ ಇದೆ."

"ಇವತ್ತು ಆಗತ್ತೆ. ನಾಳೆಯಿಂದ ಟಾರ್ಗೆಟ್ಟೇ ಅಷ್ಟು ಅಂತ ಬೋರ್ಡಲ್ಲಿ ಬರೀತಾರೆ, ಆಮೇಲೆ ಸೊಂಟ ನೋವಿರೋ ಈ ಗೌರಮ್ಮ ಏನ್ ಮಾಡ್ಬೇಕು?"

ಅಷ್ಟೇ ಮಾತು. ಮಾರನೇ ದಿನದಿಂದ ಹುಡುಗಿಯ ಪೀಸ್ ಲೆಕ್ಕ ಇಳಿಯತ್ತೆ, ಮೇಲಿಂದ ನೋಡಿದೋರಿಗೆ ಹೊಸಬಳ ಜೋಶ್ ಇಳೀತು ಅಂತ ಕಾಣತ್ತೆ. ಒಳಗಿಂದ ನೋಡಿದ್ರೆ ಆ ಅಕ್ಕ ಹೇಳಿದ್ರಲ್ಲಿ ನ್ಯಾಯ ಇದೆ, ಕೈಲಾಗದೋರನ್ನ ಕಾಪಾಡೋ ರೂಲ್ ಅದು. ಸಾಫ್ಟ್‌ವೇರಲ್ಲಿ ಎರಡು ದಿನದ ಕೆಲಸಕ್ಕೆ ನಾಲ್ಕು ದಿನ ಎಸ್ಟಿಮೇಟ್ ಹಾಕೋದೂ ಇದೇ ಜಾತಿ, "ಅಷ್ಟು ಬೇಗ ಮುಗಿಸ್ಬೇಡ ಮಗಾ, ಆಮೇಲೆ ಎಲ್ರಿಗೂ ಅದೇ ಡೆಡ್‌ಲೈನ್ ಹಾಕ್ತಾರೆ" ಅಂತ ಹೇಳೋ ಸೀನಿಯರ್ ಪ್ರತಿ ಟೀಮಲ್ಲೂ ಇರ್ತಾನೆ.

ಇಂಥ ರೂಲ್ ಕಂಡುಹಿಡಿಯೋಕೆ ಸುಲಭದ ದಾರಿ ಅಂದ್ರೆ ಹೊಸಬರನ್ನ ಗಮನಿಸೋದು. ಸೇರಿದ ಮೊದಲ ಕೆಲವು ವಾರದಲ್ಲಿ ಅವ್ರಲ್ಲಿ ಏನು ಬದಲಾಯ್ತು ನೋಡಿ, ಮೊದ್ಲು ಪ್ರಶ್ನೆ ಕೇಳ್ತಿದ್ದೋರು ನಿಲ್ಲಿಸಿದ್ರಾ, ಬೇಗ ಮನೆಗೆ ಹೋಗ್ತಿದ್ದೋರು ಬಾಸ್ ಹೋಗೋ ತನಕ ಕಾಯೋಕೆ ಶುರು ಮಾಡಿದ್ರಾ, ಮೇಲ್ ಕಳ್ಸೋವಾಗ ಸಿಸಿ (CC) ಸಾಲಲ್ಲಿ ಜನ ಜಾಸ್ತಿ ಆದ್ರಾ. ಏನು ಬದಲಾಯ್ತೋ ಅದನ್ನ ಯಾರೋ ಕಲಿಸಿದಾರೆ. ಕಲಿಸಿದೋರನ್ನ ಹಿಡಿದು ಬೈಯೋಕೆ ಹೋಗ್ಬೇಡಿ, ಆ ರೂಲ್ ಯಾರನ್ನ ಯಾವುದರಿಂದ ಕಾಪಾಡ್ತಿದೆ ಅಂತ ಯೋಚ್ನೆ ಮಾಡಿ. ಟಾರ್ಗೆಟ್ ಏರಿಸಲ್ಲ ಅನ್ನೋ ನಂಬಿಕೆ ಬಂದ ದಿನ ಆ ರೂಲಿಗೆ ಕೆಲಸ ಇರಲ್ಲ.

ಯಾರ ಜೊತೆ ಹೋಲಿಸ್ಕೊಳ್ತಿದಾರೆ

ಸಂಬಳದ ವಿಷ್ಯಕ್ಕೆ ಬಂದ್ರೆ ಎಷ್ಟು ಅನ್ನೋದಕ್ಕಿಂತ ಯಾರಿಗಿಂತ ಅನ್ನೋದು ಜಾಸ್ತಿ ಚುಚ್ಚತ್ತೆ. ಸ್ಟೇಸಿ ಆಡಮ್ಸ್ ಅನ್ನೋ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಇದನ್ನ ಈಕ್ವಿಟಿ ಥಿಯರಿ ಅಂತ ಬರೆದ್ರು, ನಾನು ಹಾಕೋದು ಎಷ್ಟು ನನಗೆ ಬರೋದು ಎಷ್ಟು, ಅವ್ನು ಹಾಕೋದು ಎಷ್ಟು ಅವನಿಗೆ ಬರೋದು ಎಷ್ಟು, ಈ ಎರಡನ್ನೂ ಮನಸ್ಸು ತೂಗ್ತಾನೇ ಇರತ್ತೆ. ಬೆಂಗಳೂರಿನೋರಿಗೆ ಇದಕ್ಕೆ ದೊಡ್ಡ ಉದಾಹರಣೆ ಮನೆಯಲ್ಲೇ ಇರ್ಬೋದು, ಅಪ್ಪನೋ ತಾತನೋ ಎಚ್‌ಎಎಲ್, ಎಚ್‌ಎಂಟಿ, ಐಟಿಐ, ಬಿಇಎಲ್ ಥರದ ಸರ್ಕಾರಿ ಕಂಪ್ನಿಲಿ ಇದ್ದಿದ್ರೆ ಕೇಳಿ ನೋಡಿ. 1980ರ ಕೊನೆಯಿಂದ 1981ರ ತನಕ ನಡೆದ ಆ ದೊಡ್ಡ ಪಬ್ಲಿಕ್ ಸೆಕ್ಟರ್ ಮುಷ್ಕರದ ಮುಖ್ಯ ಬೇಡಿಕೆನೇ ಬಿಎಚ್‌ಇಎಲ್ ಅನ್ನೋ ಇನ್ನೊಂದು ಸರ್ಕಾರಿ ಕಂಪ್ನಿಯೋರಿಗೆ ಸಮನಾಗಿ ಸಂಬಳ ಕೊಡಿ ಅನ್ನೋದು. ಅಳತೆಗೋಲು ಬಿಎಚ್‌ಇಎಲ್ ಆಗಿತ್ತು.

ಎಮಿಲಿ ಬ್ರೆಜಾ, ಸುಪ್ರೀತ್ ಕೌರ್, ಯೋಗಿತಾ ಶಾಮದಾಸಾನಿ ಅನ್ನೋ ಅರ್ಥಶಾಸ್ತ್ರಜ್ಞರು ಒಡಿಶಾದಲ್ಲಿ ಕೈಕೆಲಸದ ಘಟಕಗಳಲ್ಲಿ ಒಂದು ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದ್ರು. ಒಂದೇ ತಂಡದೋರಿಗೆ ಬೇರೆ ಬೇರೆ ಕೂಲಿ ಕೊಟ್ರೆ ಕಮ್ಮಿ ಸಿಕ್ಕೋರ ಕೆಲಸ ಇಳೀತು, ಅಷ್ಟೇ ಅಲ್ಲ, ಅವ್ರು ಕೂಲಿ ಕಳ್ಕೊಂಡು ರಜಾ ಹಾಕೋಕೆ ಶುರು ಮಾಡಿದ್ರು. ಆದ್ರೆ ಯಾರು ಎಷ್ಟು ಮಾಡ್ತಾರೆ ಅಂತ ಎಲ್ರ ಕಣ್ಣಿಗೂ ಕಾಣೋ ಕೆಲಸದಲ್ಲಿ, ಜಾಸ್ತಿ ಮಾಡಿದೋರಿಗೆ ಜಾಸ್ತಿ ಸಿಕ್ಕಾಗ ಈ ಬೇಜಾರು ಕಾಣ್ಲಿಲ್ಲ. ಹೈಕ್ ಲೆಟರ್ ಕೊಡೋ ಮ್ಯಾನೇಜರ್‌ಗಳು ಇದನ್ನ ಗೋಡೆ ಮೇಲೆ ಅಂಟಿಸ್ಕೊಳ್ಬೇಕು. ವ್ಯತ್ಯಾಸ ಇದ್ರೆ ಕಾರಣ ಕಾಣೋ ಹಂಗಿರ್ಲಿ, ಲೆಟರ್ ಕೈಗೆ ಬರೋಕೆ ಮುಂಚೆನೇ ಇರ್ಲಿ, ಆಮೇಲೆ ಹುಡುಕಿ ತಂದ ಕಾರಣನ ಯಾರೂ ನಂಬಲ್ಲ. ಮತ್ತೆ ಒಂದೇ ಬ್ಯಾಚಲ್ಲಿ ಸೇರಿದೋರು ಪರಸ್ಪರ ಸಂಬಳ ಹೇಳ್ಕೊಳ್ಳಲ್ಲ ಅಂತ ಅಂದ್ಕೊಂಡಿದ್ರೆ ಅದನ್ನ ಬಿಟ್ಬಿಡಿ, ಎಲ್ಲಾ ಗೊತ್ತಿರತ್ತೆ.

ಹರ್ಜ್‌ಬರ್ಗ್ ಅನ್ನೋರ ಎರಡು ಅಂಶದ ಸಿದ್ಧಾಂತನೂ ಕೇಳಿರ್ತೀರಿ, 1959ರದ್ದು, ಸಂಬಳ ಸೌಲಭ್ಯ ಸರಿ ಇಲ್ದೇ ಇದ್ರೆ ಬೇಜಾರು ಬರತ್ತೆ, ಸರಿ ಇದ್ರೆ ಬೇಜಾರು ಹೋಗತ್ತೆ ಹೊರ್ತು ಖುಷಿ ಬರೋದು ಕೆಲಸದಿಂದ, ಮನ್ನಣೆಯಿಂದ ಅಂತ. ಉಪಯೋಗ ಇದೆ, ಆದ್ರೆ ಅವ್ರು ಕೇಳಿದ್ದು ಜನರ ಬಾಯಿಂದ, ಒಳ್ಳೇದಾದ್ರೆ ನನ್ನಿಂದ ಕೆಟ್ಟದಾದ್ರೆ ಕಂಪ್ನಿಯಿಂದ ಅಂತ ಹೇಳೋದು ಮನುಷ್ಯರ ಅಭ್ಯಾಸ ಅನ್ನೋ ಟೀಕೆನೂ ಜೊತೆಗೇ ಇದೆ. ಪೂರ್ತಿ ನೆಚ್ಕೋಬೇಡಿ.

ಆ ದುಡ್ಡು ಮನೇಲಿ ಏನಾಗಿರತ್ತೆ

ಇದನ್ನ ಬೇರೆಯಾಗಿ ಹೇಳ್ಬೇಕು. 2016ರ ಏಪ್ರಿಲಲ್ಲಿ ಗಾರ್ಮೆಂಟ್ಸ್ ಹೆಣ್ಮಕ್ಕಳು ಸಾವಿರಾರು ಜನ ಬೊಮ್ಮನಹಳ್ಳಿ, ಹೊಸೂರು ರೋಡಲ್ಲಿ ಬೀದಿಗಿಳಿದಿದ್ದು ನೆನಪಿದ್ಯಾ, ಊರೇ ನಿಂತೋಗಿತ್ತು. ಪಿಎಫಲ್ಲಿ ಮಾಲೀಕರ ಪಾಲನ್ನ ಐವತ್ತೆಂಟು ವರ್ಷ ಆಗೋ ತನಕ ತೆಗೆಯೋ ಹಂಗಿಲ್ಲ ಅನ್ನೋ ಹೊಸ ನಿಯಮ ಕಾರಣ. ಏಪ್ರಿಲ್ 18ಕ್ಕೆ ಶುರುವಾಯ್ತು, 19ಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಳ್ತು. ಇವ್ರನ್ನ ಯಾರು ಎತ್ತಿಕಟ್ಟಿದ್ರು ಅಂತ ಕೇಳಿದೋರು ತುಂಬ ಜನ. ನಿಯಮ ಬರೆದೋರ ಕಣ್ಣಲ್ಲಿ ಪಿಎಫ್ ಅಂದ್ರೆ ಮುದಿ ವಯಸ್ಸಿನ ಉಳಿತಾಯ. ತಿಂಗಳ ಸಂಬಳ ತಿಂಗಳಿಗೇ ಮುಗಿಯೋ ಮನೇಲಿ ಅದು ಕೆಲಸ ಬಿಟ್ಟಾಗ ಕೈಗೆ ಸಿಗೋ ಒಂದೇ ಗಂಟು, ಮಗಳ ಕಾಲೇಜ್ ಫೀಸು, ಕೈಸಾಲ, ಊರಲ್ಲಿ ಮನೆ ರಿಪೇರಿ. ಅದನ್ನ ಮುಟ್ಟಿದಾಗ ಸಿಟ್ಟು ಬರೋದಕ್ಕೆ ಯಾರೂ ಎತ್ತಿಕಟ್ಬೇಕಾಗಿಲ್ಲ.

ಹಾಗಾಗಿ ಪಾಲಿಸಿ ಬದಲಾಯಿಸೋ ಮುಂಚೆ ಒಂದು ಕೆಲಸ ಮಾಡಿ, ಅದು ತಾಗೋ ನಾಲ್ಕೈದು ಜನರನ್ನ ಕರೆದು ಇದ್ರಿಂದ ನಿಮ್ಮನೇಲಿ ಏನು ಬದಲಾಗತ್ತೆ ಅಂತ ಕೇಳಿ. ಶಿಫ್ಟ್ ಅರ್ಧ ಗಂಟೆ ಹಿಂದಕ್ಕೆ ಹಾಕೋದು ನಿಮಗೆ ಎಕ್ಸೆಲಲ್ಲಿ ಒಂದು ಕಾಲಂ, ಅವ್ರಿಗೆ ನೀರು ಬರೋ ಹೊತ್ತು, ಅತ್ತೆಗೆ ಇನ್ಸುಲಿನ್ ಕೊಡೋ ಹೊತ್ತು. ವರ್ಕ್ ಫ್ರಮ್ ಹೋಮ್ ನಿಲ್ಸಿದಾಗ ಐಟಿಯೋರು ಯಾಕೆ ಅಷ್ಟು ಕೋಪ ಮಾಡ್ಕೊಂಡ್ರು ಅನ್ನೋದಕ್ಕೂ ಉತ್ರ ಇಲ್ಲೇ ಹುಡುಕ್ಬೇಕು.

"ಎಲ್ಲಾ ಓಕೆ ಸಾರ್" ಅಂದಾಗ

ಮೀಟಿಂಗ್ ಕೊನೇಲಿ "ಯಾರಿಗಾದ್ರೂ ಏನಾದ್ರೂ ಡೌಟ್?" ಅಂತ ಕೇಳಿ, ಯಾರೂ ಮಾತಾಡ್ದೇ ಇದ್ರೆ ಎಲ್ರೂ ಒಪ್ಪಿದ್ರು ಅಂತ ಬರ್ಕೊಳ್ಳೋದು ದೊಡ್ಡ ತಪ್ಪು. ಸಾಲೊಮನ್ ಆಶ್ ಅನ್ನೋರು 1950ರ ದಶಕದಲ್ಲಿ ಗೆರೆಗಳ ಪ್ರಯೋಗ ಮಾಡಿದ್ರು. ತೋರಿಸಿದ ಗೆರೆಯಷ್ಟೇ ಉದ್ದ ಇರೋ ಗೆರೆ ಯಾವ್ದು ಅಂತ ಕಣ್ಣಿಗೆ ನಿಚ್ಚಳವಾಗಿ ಕಾಣ್ತಿದ್ರೂ, ರೂಮಲ್ಲಿ ಮಿಕ್ಕೋರೆಲ್ಲಾ ಮೊದಲೇ ಮಾತಾಡ್ಕೊಂಡು ತಪ್ಪು ಹೇಳಿದಾಗ, ಸುಮಾರು ಮುಕ್ಕಾಲು ಪಾಲು ಜನ ಒಂದ್ಸಲನಾದ್ರೂ ಗುಂಪಿನ ಜೊತೆ ಹೋದ್ರು. ನನಗೆ ಅದ್ರಲ್ಲಿ ಮುಖ್ಯ ಅನ್ಸೋದು ಮುಂದಿನ ಭಾಗ, ಆ ಗುಂಪಲ್ಲಿ ಒಬ್ಬನೇ ಒಬ್ಬ ಸರಿ ಉತ್ರ ಹೇಳಿದ್ರೂ ಸಾಕು, ಗುಂಪಿನ ಹಿಂದೆ ಹೋಗೋದು ತುಂಬ ಕಮ್ಮಿ ಆಗ್ತಿತ್ತು. ಅಂದ್ರೆ ನಿಮ್ಮ ಟೀಮಲ್ಲಿ ಒಬ್ರು ಧೈರ್ಯವಾಗಿ ಬೇರೆ ಮಾತು ಹೇಳೋರಿದ್ರೆ ಅವ್ರನ್ನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಪಾಡಿ, ಅವ್ರೊಬ್ರು ಬಾಯಿ ಮುಚ್ಚಿದ್ರೆ ಇಡೀ ರೂಮ್ ಮುಚ್ಕೊಳ್ಳತ್ತೆ.

ಏಮಿ ಎಡ್ಮಂಡ್ಸನ್ ಅನ್ನೋ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆ ತಂಡಗಳಲ್ಲಿ ಔಷಧಿ ತಪ್ಪುಗಳ ಬಗ್ಗೆ ನೋಡಿದಾಗ ಒಳ್ಳೆ ತಂಡಗಳಲ್ಲೇ ತಪ್ಪು ಜಾಸ್ತಿ ಕಾಣಿಸ್ತು. ಆಮೇಲೆ ಗೊತ್ತಾಗಿದ್ದು ಏನಂದ್ರೆ ಅವ್ರು ತಪ್ಪನ್ನ ಮುಚ್ಚಿಡ್ತಿರ್ಲಿಲ್ಲ, ಉಳಿದ ಕಡೆ ಹೇಳೋಕೇ ಹೆದ್ರುತ್ತಿದ್ರು. ನಿಮ್ಮ ಟೀಮಿಂದ ಕೆಟ್ಟ ಸುದ್ದಿ ಬರೋದೇ ಇಲ್ಲ ಅಂದ್ರೆ ಖುಷಿ ಪಡೋಕೆ ಮುಂಚೆ ಇದನ್ನ ನೆನಪು ಮಾಡ್ಕೊಳ್ಳಿ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಪದರ ಇದೆ. ಸಾರ್ ಅಂತ ಕರೆದ್ಮೇಲೆ ಎಲ್ರ ಮುಂದೆ "ಇದು ಆಗಲ್ಲ ಸಾರ್" ಅನ್ನೋದು ಮರ್ಯಾದೆ ತೆಗೆದ ಹಂಗೆ, ಹೇಳೋನಿಗೂ ಮುಜುಗರ. ಪಾಟ್ನಾದಲ್ಲಿದ್ದ ಜೈ ಬಿ. ಪಿ. ಸಿನ್ಹಾ ಅನ್ನೋ ಮನಶ್ಶಾಸ್ತ್ರಜ್ಞರು 1980ರಲ್ಲಿ ಬರೆದಿದ್ದು ಇದ್ರ ಬಗ್ಗೆನೇ, ಇಲ್ಲಿ ಜನ ಬಾಸ್ ಹತ್ರ ದೊಡ್ಡೋರ ಅಕ್ಕರೆನೂ ಬಯಸ್ತಾರೆ, ಕೆಲಸ ಹೇಳ್ಕೊಡೋ ಕಟ್ಟುನಿಟ್ಟೂ ಬಯಸ್ತಾರೆ, ಎರಡೂ ಒಟ್ಟಿಗಿರೋ ನಾಯಕ ಇಲ್ಲಿ ನಡೀತಾನೆ ಅಂತ. ಹಾಗಾಗಿ ಎಲ್ರ ಮುಂದೆ ಎದುರು ಮಾತಾಡಿ ಅಂತ ಒತ್ತಾಯ ಮಾಡೋಕಿಂತ ಹೇಳೋಕೆ ಬೇರೆ ಬಾಗಿಲು ಇಡೋದು ಸುಲಭ. ಭಾಷೆನೂ ನೋಡಿ. ಕನ್ನಡದಲ್ಲಿ ಪಟಪಟ ಮಾತಾಡೋ ಹಾಸನದ ಹುಡುಗ ಇಂಗ್ಲಿಷ್ ಕಾಲಲ್ಲಿ ಮೂಕ ಆಗಿಬಿಟ್ರೆ ಐಡಿಯಾ ಇಲ್ಲ ಅಂತಲ್ಲ, ವಾಕ್ಯ ಜೋಡಿಸೋ ಅಷ್ಟರಲ್ಲಿ ಇನ್ನೊಬ್ರು ಮಾತು ಶುರು ಮಾಡಿರ್ತಾರೆ. ಪಾಯಿಂಟ್‌ನ ಮುಂಚೆನೇ ಬರೆದು ಕಳ್ಸೋಕೆ ಹೇಳಿ, ವ್ಯತ್ಯಾಸ ನೀವೇ ನೋಡಿ.

ಪ್ರಶ್ನೆ ಬದಲಾಯಿಸಿ. "ಡೌಟ್ ಇದ್ಯಾ?" ಬದ್ಲು "ಈ ಪ್ಲಾನ್ ಕೆಟ್ರೆ ಎಲ್ಲಿ ಕೆಡತ್ತೆ, ಎಲ್ರೂ ಒಂದೊಂದು ಹೇಳಿ" ಅನ್ನಿ. ಆಗ ತೊಂದ್ರೆ ಹೇಳೋದೇ ಕೆಲಸ ಆಗತ್ತೆ, ಎದುರು ಮಾತಾಡಿದಂಗೆ ಆಗಲ್ಲ. ಚಿಕ್ಕೋರಿಂದ ಶುರು ಮಾಡಿ, ನೀವು ಕೊನೇಲಿ ಮಾತಾಡಿ. ಯಾರಾದ್ರೂ ಕಷ್ಟದ ಮಾತು ಹೇಳಿದಾಗ ನಿಮ್ಮ ಮುಖದ ಮೇಲೆ ಮೊದಲ ಎರಡು ಸೆಕೆಂಡಲ್ಲಿ ಏನು ಬರತ್ತೋ ಅದನ್ನ ರೂಮಲ್ಲಿರೋ ಎಲ್ರೂ ನೋಡ್ತಿರ್ತಾರೆ.

ನಗುನೂ ಕೆಲಸನೇ

ರಿಸೆಪ್ಷನ್, ಕಾಲ್ ಸೆಂಟರ್, ನರ್ಸ್, ಹೋಟೆಲ್ ಸಪ್ಲೈಯರ್, ಇವ್ರ ಕೆಲಸದಲ್ಲಿ ಮುಖದ ಮೇಲಿನ ನಗುನೂ ಸಂಬಳದ ಭಾಗ. ಆರ್ಲಿ ಹಾಕ್‌ಶೀಲ್ಡ್ ಅನ್ನೋ ಸಮಾಜಶಾಸ್ತ್ರಜ್ಞೆ 1983ರಲ್ಲಿ ವಿಮಾನದ ಗಗನಸಖಿಯರನ್ನ ಗಮನಿಸಿ ಇದನ್ನ ಎಮೋಷನಲ್ ಲೇಬರ್ ಅಂತ ಕರೆದ್ರು. ಒಳಗೆ ಸಿಟ್ಟು ಕುದೀತಿದ್ರೂ "ಹೇಳಿ ಸಾರ್, ಹೇಗೆ ಸಹಾಯ ಮಾಡ್ಲಿ" ಅನ್ನೋದು ಗಂಟೆಗಟ್ಟಲೆ ಮಾಡಿದ್ರೆ ದೇಹ ದಣಿದಂಗೇ ಮನಸ್ಸೂ ದಣಿಯತ್ತೆ. ಆ ಸಿಟ್ಟು ಎಲ್ಲಿ ಹೊರಗೆ ಬರತ್ತೆ ಅಂತ ನೋಡಿ, ಸೆಕ್ಯುರಿಟಿ ಅಣ್ಣನ ಮೇಲಾ, ಹೌಸ್‌ಕೀಪಿಂಗ್ ಅಕ್ಕನ ಮೇಲಾ, ಕ್ಯಾಬ್ ಡ್ರೈವರ್ ಮೇಲಾ. ಕ್ಯಾಂಟೀನ್ ಹುಡುಗನ ಮೇಲೆ ರೇಗಾಡೋ ಟೀಮಲ್ಲಿ ಎಲ್ಲೋ ಮೇಲಿಂದ ಒತ್ತಡ ಬೀಳ್ತಿದೆ ಅಂತ ಹುಡುಕೋಕೆ ಶುರು ಮಾಡ್ಬೋದು. ಕೆಟ್ಟ ಕಾಲ್ ಆದ್ಮೇಲೆ ಐದು ನಿಮಿಷ ಎದ್ದು ಹೋಗೋಕೆ ಬಿಡಿ, ಅದಕ್ಕೆ ಪರ್ಮಿಷನ್ ಕೇಳೋ ಹಂಗಿರ್ಬಾರ್ದು.

ಕೇಳೋದು

2016ರಲ್ಲೇ ಬೆಂಗಳೂರಿನ ಗಾರ್ಮೆಂಟ್ಸಲ್ಲಿ ಇನ್ನೊಂದು ಪ್ರಯೋಗ ನಡೀತು, ಇದನ್ನ ತುಂಬ ಜನ ಕೇಳಿಲ್ಲ. ಆ ವರ್ಷದ ವೇತನ ಏರಿಕೆ ಕೆಲಸಗಾರರು ಅಂದ್ಕೊಂಡಿದ್ದಕ್ಕಿಂತ ಕಮ್ಮಿ ಬಂತು, ನಿರಾಸೆ ಆಯ್ತು. ಅದಾದ್ಮೇಲೆ ಲಾಟರಿ ಥರ ಆರಿಸಿದ ಕೆಲವ್ರಿಗೆ ಹೆಸರು ಹೇಳ್ದೇ ಕೆಲಸ, ಸಂಬಳ, ಸೂಪರ್‌ವೈಸರ್ ಬಗ್ಗೆ ಅಭಿಪ್ರಾಯ ಹೇಳೋ ಅವಕಾಶ ಕೊಟ್ರು. ಅಷ್ಟಕ್ಕೇ, ಅವ್ರಲ್ಲಿ ಕೆಲಸ ಬಿಟ್ಟು ಹೋಗೋದು ಉಳಿದೋರಿಗಿಂತ ಸುಮಾರು ಐದನೇ ಒಂದು ಭಾಗ ಕಮ್ಮಿ ಆಯ್ತು. ಸಂಬಳ ಒಂದು ಪೈಸೆ ಜಾಸ್ತಿ ಆಗಿರ್ಲಿಲ್ಲ. ಇದನ್ನ ಓದಿ ಸಂಬಳದ ಬದ್ಲು ಸರ್ವೆ ಕೊಟ್ರಾಯ್ತು ಅಂತ ಯಾರಾದ್ರೂ ಲೆಕ್ಕ ಹಾಕಿದ್ರೆ ಅದು ಅನ್ಯಾಯ, ಕೇಳಿಸ್ಕೊಂಡ್ಮೇಲೆ ಏನಾದ್ರೂ ಮಾಡ್ಲೇಬೇಕು.

ಆರು ಜನರ ಟೀಮಲ್ಲಿ ಅನಾಮಿಕ ಸರ್ವೆ ಅನ್ನೋದು ನಡೆಯಲ್ಲ, ಬರೆಯೋ ಧಾಟಿಲೇ ಯಾರು ಅಂತ ಗೊತ್ತಾಗತ್ತೆ. ಅಲ್ಲಿ ಒಬ್ಬೊಬ್ರ ಜೊತೆ ಮಾತಾಡಿ. ಕ್ಯಾಬಿನ್‌ಗೆ ಕರೀಬೇಡಿ, ಕರೆದ ತಕ್ಷಣ ಅವ್ರ ತಲೇಲಿ ಏನ್ ತಪ್ಪಾಯ್ತಪ್ಪ ಅಂತ ಓಡ್ತಿರತ್ತೆ. ಆಫೀಸ್ ಕೆಳಗಿನ ಟೀ ಅಂಗಡಿಗೆ ಹೋಗಿ, ಬೈ ಟು ಕಾಫಿ ಹೇಳಿ. ಯಾಕೆ ಅನ್ನೋ ಪ್ರಶ್ನೆ ಕಮ್ಮಿ ಕೇಳಿ, ಯಾಕೆ ಅಂದ್ರೆ ಜನ ಸಮರ್ಥನೆ ಕೊಡೋಕೆ ಶುರು ಮಾಡ್ತಾರೆ. "ಮೊನ್ನೆ ರಿಲೀಸ್ ದಿನ ಏನೇನಾಯ್ತು, ಬೆಳಗ್ಗೆಯಿಂದ ಹೇಳಿ" ಅಂತ ಕೇಳಿದ್ರೆ ಇಡೀ ದಿನ ಬಿಚ್ಚಿಡ್ತಾರೆ, ಅದ್ರಲ್ಲಿ ಕಾರಣ ತಾನಾಗೇ ಬರತ್ತೆ. ಮಧ್ಯ ಸುಮ್ನಿರೋದನ್ನ ಕಲೀರಿ, ಲೋಟ ಖಾಲಿ ಆಗೋ ಹೊತ್ತಿಗೆ ನಿಜವಾದ ಮಾತು ಶುರುವಾಗತ್ತೆ. ಅವ್ರು ಹೇಳಿದ್ದನ್ನ ಇನ್ನೊಬ್ರ ಹತ್ರ "ಅವ್ರು ಹಿಂಗಂದ್ರು" ಅಂತ ಎತ್ಲೇಬೇಡಿ, ಒಂದ್ಸಲ ಎತ್ತಿದ್ರೆ ಟೀಮಲ್ಲಿ ಮತ್ಯಾರೂ ನಿಮ್ಮ ಜೊತೆ ಕಾಫಿಗೆ ಬರಲ್ಲ.

ಇಷ್ಟೆಲ್ಲಾ ಆದ್ಮೇಲೆ ನಿಮಗೆ ಒಂದು ಅಂದಾಜು ಬಂದಿರತ್ತೆ, ಅದು ಸರಿ ಅಂತ ಗ್ಯಾರಂಟಿ ಇಲ್ಲ, ಅದಕ್ಕೆ ಒಂದು ಸಣ್ಣ ಬದಲಾವಣೆ ಮಾಡಿ ನೋಡಿ. ಆ ಟೆಸ್ಟರ್ ಹುಡುಗಿ ವಿಷ್ಯದಲ್ಲಿ ಸ್ಟ್ಯಾಂಡಪ್‌ನ ಎರಡು ವಾರ ಹನ್ನೊಂದೂವರೆಗೆ ಹಾಕಿ, ಮಾತಾಡಿದ್ರೆ ಸಮಯದ ಸಮಸ್ಯೆ, ಆಗ್ಲೂ ಸುಮ್ನಿದ್ರೆ ಆ ಕಾಲಲ್ಲಿ ಯಾರಿದಾರೆ ಅನ್ನೋದನ್ನ ನೋಡಿ. ಒಂದ್ಸಲಕ್ಕೆ ಒಂದೇ ಬದಲಾಯಿಸಿ. ಬದಲಾವಣೆ ಏನಿರ್ಬೇಕು ಅಂತ ಅವ್ರನ್ನೇ ಕೇಳಿದ್ರೆ ಇನ್ನೂ ಒಳ್ಳೇದು. 1953ರಲ್ಲಿ ಎ. ಕೆ. ರೈಸ್ ಅನ್ನೋ ಬ್ರಿಟಿಷ್ ಸಂಶೋಧಕರು ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿಗೆ ಬಂದಾಗ ಹೊಸ ಆಟೋಮ್ಯಾಟಿಕ್ ಮಗ್ಗ ಹಾಕಿದ್ರೂ ಉತ್ಪಾದನೆ ಏರ್ತಿರ್ಲಿಲ್ಲ, ಒಬ್ಬೊಬ್ರಿಗೂ ಒಂದೊಂದು ತುಂಡು ಕೆಲಸ, ಯಾರ ಮಗ್ಗ ಯಾರ ಜವಾಬ್ದಾರಿ ಅಂತಲೇ ಇಲ್ಲ. ಒಂದಷ್ಟು ಮಗ್ಗಕ್ಕೆ ಒಂದು ಗುಂಪು ಅನ್ನೋ ಯೋಚನೆ ಮುಂದಿಟ್ಟಾಗ ಕೆಲಸಗಾರರೇ ಅದನ್ನ ಎತ್ಕೊಂಡು, ತಾವೇ ಗುಂಪು ಮಾಡ್ಕೊಂಡ್ರು, ಬಟ್ಟೆ ಹೆಚ್ಚಾಯ್ತು, ಹಾಳಾಗೋದು ಕಮ್ಮಿ ಆಯ್ತು.

ಕೊನೇದಾಗಿ, ಎಲ್ಲಾದಕ್ಕೂ ಈ ವಿಧಾನ ಹಚ್ಬೇಡಿ. ಯಾರಾದ್ರೂ ಲೈಂಗಿಕ ಕಿರುಕುಳದ ವಿಷ್ಯ ಹೇಳ್ಕೊಂಡ್ರೆ ಅಲ್ಲಿ ಪರಿಸರ ನೋಡೋಣ, ಅವ್ನ ಕಡೆಯಿಂದನೂ ಯೋಚಿಸೋಣ ಅಂತ ನೀವು ಕೂರೋ ಹಂಗಿಲ್ಲ. 2013ರ ಕಾನೂನಿನ ಪ್ರಕಾರ ಹತ್ತು ಅಥ್ವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರ್ಲೇಬೇಕು, ದೂರು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡ್ಬೇಕು, ಬರೆಯೋಕೆ ಸಮಿತಿಯೋರೇ ಸಹಾಯ ಮಾಡ್ಬೇಕು. ಅವ್ರಿಗೆ ಆ ದಾರಿ ತೋರ್ಸಿ, ಜೊತೆಗಿರಿ. ಹಾಗೇ ಯಾರಾದ್ರೂ ಊಟ ನಿದ್ದೆ ಬಿಟ್ಟಿದ್ರೆ, ಬದುಕೇ ಬೇಡ ಅನ್ನೋ ಥರ ಮಾತಾಡಿದ್ರೆ ಅದು ಮ್ಯಾನೇಜರ್ ಬಿಡಿಸೋ ಗಂಟಲ್ಲ, ಡಿಪ್ರೆಷನ್ ಇರ್ಬೇಕು ಅಂತ ನೀವೇ ಹೆಸರಿಡೋಕೂ ಹೋಗ್ಬೇಡಿ. ಅವ್ರನ್ನ ಒಂಟಿಯಾಗಿ ಬಿಡ್ದೇ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡ್ಸಿ, ನಂಬರ್ 14416, ದುಡ್ಡಿಲ್ಲ, ದಿನದ ಇಪ್ಪತ್ನಾಲ್ಕು ಗಂಟೆನೂ ಇರತ್ತೆ, ಕನ್ನಡದಲ್ಲೇ ಮಾತಾಡ್ಬೋದು.